ದಾಖಲೆಗಳ ಕಾವಲುಗಾರರು: ಒಂದು ಶಾಲಾ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ 2024ರ ವಸಂತ ಋತುವಿನಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನಗರದಲ್ಲಿ ನಡೆದದ್ದು. ಅಲ್ಲಿನ ಕನ್ನಡ ಕುಟುಂಬಗಳು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತವೆ. ಅದು ಮುಗಿದ ಮೇಲೆ ಒಂದು ಗಂಟೆ ಗಣಿತ. ವಿಮೆಯ ಲೆಕ್ಕಾಚಾರವೇ ಹೊಟ್ಟೆಪಾಡಾಗಿರುವ ನಾನು ಕೆಲವು ವರ್ಷಗಳಿಂದ ಆ ಗಣಿತದ ಗಂಟೆಯನ್ನು ನೋಡಿಕೊಳ್ಳುತ್ತಿದ್ದೇನೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ತನ್ನ ಶಾಲೆಯ ಸಂಖ್ಯಾಶಾಸ್ತ್ರ ಯೋಜನೆಗೆ ಸಹಾಯ ಕೇಳಿಕೊಂಡು ಬಂದಳು. ಇಲ್ಲಿ ಅವಳನ್ನು ಸುಮಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಮನೆಯವರ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.

ಶಾಲೆಯವರು ಕೊಟ್ಟಿದ್ದ ಕೆಲಸ ಸರಳವಾಗಿತ್ತು. ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು, ಅದನ್ನು ಅಂಕಿಗಳಿಂದ ಸಮರ್ಥಿಸಬೇಕು, ಜೂನ್ ಮೊದಲ ವಾರದಲ್ಲಿ ಭಿತ್ತಿಪತ್ರದ ಮುಂದೆ ನಿಂತು ವಿವರಿಸಬೇಕು. ಬೇಸ್‌ಬಾಲ್ ಎಂದರೆ ಜೀವ ಬಿಡುವ ಸುಮಾ ಆರಿಸಿಕೊಂಡ ಮಾತು, "ಬೇಸ್‌ಬಾಲ್‌ನ ಈ ಹತ್ತು ದಾಖಲೆಗಳನ್ನು ಇನ್ನು ಯಾರೂ ಮುರಿಯುವುದಿಲ್ಲ" ಎಂಬುದು. ನಾನು ಕ್ರಿಕೆಟ್ ನೋಡಿ ಬೆಳೆದವನು. ಬೇಸ್‌ಬಾಲ್ ನನಗೆ ಈ ದೇಶಕ್ಕೆ ಬಂದ ಮೇಲೆ, ಅದರ ಅಂಕಿಗಳ ರುಚಿಯ ಮೂಲಕ, ತಡವಾಗಿ ಹತ್ತಿದ ಹುಚ್ಚು. ಹೀಗಾಗಿ ಈ ಅಧ್ಯಯನದಲ್ಲಿ ಆದ ತಪ್ಪುಗಳಲ್ಲಿ ಒಂದು ನೇರವಾಗಿ ನನ್ನದೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಸಮಸ್ಯೆ

ಸುಮಾಳ ಮೊದಲ ಪಟ್ಟಿಗೆ ಒಂದೇ ಅಳತೆಗೋಲಿತ್ತು: ಮೊದಲ ಸ್ಥಾನಕ್ಕೂ ಎರಡನೆಯ ಸ್ಥಾನಕ್ಕೂ ಎಷ್ಟು ಅಂತರವಿದೆ ಎಂಬುದು. ಅಂತರ ದೊಡ್ಡದಿದ್ದಷ್ಟೂ ದಾಖಲೆ ಭದ್ರ ಎಂಬುದು ಅವಳ ತರ್ಕ. ಸೈ ಯಂಗ್ ಪಿಚರ್ ಆಗಿ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನಾಗಿ, ಗೆದ್ದ ಪಂದ್ಯಗಳು 511. ಎರಡನೆಯವನಾದ ವಾಲ್ಟರ್ ಜಾನ್ಸನ್ 417ಕ್ಕೆ ನಿಂತ. ರಿಕಿ ಹೆಂಡರ್ಸನ್ ಕದ್ದ ಬೇಸ್‌ಗಳು, ಅಂದರೆ ಪಿಚರ್ ಚೆಂಡೆಸೆಯುವಷ್ಟರಲ್ಲಿ ಓಡಿ ಸೇರಿಕೊಂಡ ಮುಂದಿನ ನಿಲ್ದಾಣಗಳು, 1,406. ಅವನ ಹಿಂದಿನ ಲೂ ಬ್ರಾಕ್ 938. ನೋಲನ್ ರಯನ್‌ನ ಸ್ಟ್ರೈಕ್‌ಔಟ್‌ಗಳು (ಚೆಂಡನ್ನು ಸರಿಯಾಗಿ ಹೊಡೆಯಲು ಬಿಡದೆ ಬ್ಯಾಟರನ್ನು ಔಟ್ ಮಾಡಿದ್ದು) 5,714. ರ‍್ಯಾಂಡಿ ಜಾನ್ಸನ್‌ನವು 4,875. ಕ್ಯಾಲ್ ರಿಪ್ಕೆನ್ ಒಂದೂ ಪಂದ್ಯ ತಪ್ಪಿಸಿಕೊಳ್ಳದೆ ಆಡಿದ್ದು 2,632. ಲೂ ಗೆರಿಗ್ 2,130. ಜೋ ಡಿಮ್ಯಾಜಿಯೊ 1941ರಲ್ಲಿ ಸತತ 56 ಪಂದ್ಯಗಳಲ್ಲಿ ತಲಾ ಒಂದಾದರೂ ಹಿಟ್ ಪಡೆದ, ಅಂದರೆ ಚೆಂಡನ್ನು ಹೊಡೆದು ಔಟಾಗದೆ ಬೇಸ್ ಮುಟ್ಟಿದ. ಟೈ ಕಾಬ್‌ನ ಜೀವಮಾನದ ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟ್ ಮಾಡಿದ ಒಂದು ಅವಕಾಶಕ್ಕೆ ಸಿಕ್ಕ ಹಿಟ್‌ಗಳ ಪ್ರಮಾಣ, 0.367. ಹೀಗೆ ಪಟ್ಟಿ ಬೆಳೆದಿತ್ತು.

ನೋಡಲು ಇದು ಒಪ್ಪವಾಗಿಯೇ ಇತ್ತು. ಆದರೆ ಮುಂದೆ ಏನಾಗುವುದಿಲ್ಲ ಎಂದು ಹೇಳುವ ಯಾವ ಅಳತೆಗೋಲನ್ನಾದರೂ ಮೊದಲು ಹಿಂದಿನ ಕಾಲದ ಮೇಲೆ ಪ್ರಯೋಗಿಸಿ ನೋಡಬೇಕು. ನಮ್ಮ ಕಚೇರಿಯಲ್ಲಿ ಹಾಗೆ ಮಾಡದೆ ಒಂದು ಹಾಳೆಯೂ ಮೇಜು ಬಿಟ್ಟು ಕದಲುವುದಿಲ್ಲ. ಆದ್ದರಿಂದ ನಾನು ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ನೀನು 1939ರಲ್ಲಿ ಈ ಯೋಜನೆ ಮಾಡಿದ್ದರೆ ನಿನ್ನ ಪಟ್ಟಿಯ ತುದಿಯಲ್ಲಿ ಯಾರಿರುತ್ತಿದ್ದರು?

ಅವಳು ಒಂದು ವಾರ ತೆಗೆದುಕೊಂಡು ಉತ್ತರ ತಂದಳು. ಬಂದಾಗ ಮುಖ ಸಪ್ಪಗಿತ್ತು. 1939ರ ಮೇ 2ರಂದು ಗೆರಿಗ್‌ನ ಸರಣಿ 2,130ಕ್ಕೆ ನಿಂತಾಗ ಎರಡನೆಯ ಸ್ಥಾನದಲ್ಲಿದ್ದ ಎವರೆಟ್ ಸ್ಕಾಟ್‌ನ ಲೆಕ್ಕ 1,307. ಅಂತರ 823. ಇವತ್ತು ರಿಪ್ಕೆನ್‌ಗೂ ಗೆರಿಗ್‌ಗೂ ಇರುವ ಅಂತರ 502 ಮಾತ್ರ. ಅಂದರೆ ಅವಳ ಅಳತೆಗೋಲಿನ ಪ್ರಕಾರ, ಮುರಿದುಹೋದ ದಾಖಲೆಯು ಮುರಿಯದೆ ನಿಂತಿರುವ ದಾಖಲೆಗಿಂತ ಭದ್ರವಾಗಿತ್ತು! ಬೇಬ್ ರೂಥ್ 714 ಹೋಂ ರನ್‌ಗಳೊಂದಿಗೆ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) 1935ರಲ್ಲಿ ಆಟ ಬಿಟ್ಟಾಗ ಎರಡನೆಯವನಾದ ಗೆರಿಗ್ ಇನ್ನೂ 400 ದಾಟಿರಲಿಲ್ಲ. ಆ ದಾಖಲೆಯನ್ನೂ 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ ದಾಟಿದ. ಜಾರ್ಜ್ ಸಿಸ್ಲರ್ 1920ರಲ್ಲಿ ಒಂದೇ ಋತುವಿನಲ್ಲಿ ಪಡೆದ 257 ಹಿಟ್‌ಗಳು 84 ವರ್ಷ ಅಲುಗಾಡದೆ ನಿಂತು, 2004ರಲ್ಲಿ ಜಪಾನಿನಿಂದ ಬಂದ ಇಚಿರೊ ಸುಜುಕಿಯ 262ರ ಮುಂದೆ ಬಿದ್ದವು. ಅಂತರದ ಅಳತೆಗೋಲು ಅಲ್ಲಿಗೇ ಮುರಿಯಿತು.

ಮಾಡಿದ ಪ್ರಯತ್ನಗಳು

ಎರಡನೆಯ ಪ್ರಯತ್ನ ಸಂಭವನೀಯತೆಯದು, ಅದಕ್ಕೆ ಡಿಮ್ಯಾಜಿಯೊನ 56 ಪಂದ್ಯಗಳೇ ತಕ್ಕ ವಸ್ತು. ಆ ಸರಣಿ 1941ರ ಮೇ 15ರಂದು ಆರಂಭವಾಗಿ ಜುಲೈ 16ರವರೆಗೆ ನಡೆಯಿತು. ಅದರಲ್ಲಿ ಅವನು 223 ಬಾರಿ ಬ್ಯಾಟ್ ಮಾಡಿ 91 ಹಿಟ್ ಪಡೆದ. ಪಂದ್ಯಕ್ಕೆ ಸರಿಸುಮಾರು ನಾಲ್ಕು ಅವಕಾಶ. ಆ ಇಡೀ ಋತುವಿನ ಅವನ ಸರಾಸರಿ 0.357. ಸುಮಾ ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು: ಒಂದು ಅವಕಾಶದಲ್ಲಿ ಹಿಟ್ ತಪ್ಪುವ ಸಾಧ್ಯತೆ 0.643; ನಾಲ್ಕಕ್ಕೆ ನಾಲ್ಕೂ ತಪ್ಪುವುದು ಸುಮಾರು 0.171, ಆದ್ದರಿಂದ ಒಂದು ಪಂದ್ಯದಲ್ಲಿ ಕನಿಷ್ಠ ಒಂದು ಹಿಟ್ ಸಿಗುವ ಸಾಧ್ಯತೆ 0.829. ದಾಖಲೆ ಮುರಿಯಬೇಕಾದರೆ ಇದು 57 ಬಾರಿ ಒಂದೇ ಸಮನೆ ನಡೆಯಬೇಕು. 162 ಪಂದ್ಯಗಳ ಋತುವಿನಲ್ಲಿ ಸರಣಿ ಎಲ್ಲಿಂದ ಬೇಕಾದರೂ ಶುರುವಾಗಬಹುದು ಎಂಬುದನ್ನು ಸೇರಿಸಿಕೊಂಡರೆ ಉತ್ತರ ಸುಮಾರು 2,300ರಲ್ಲಿ ಒಂದು.

"ಅಂಕಲ್, ಇದು ಸೊನ್ನೆ ಅಂತಲೇ ಅಲ್ವಾ?" ಎಂದು ಅವಳು ಕೇಳಿದಳು.

ಅಲ್ಲ ಎಂದೆ. 2,300ರಲ್ಲಿ ಒಂದು ಎಂಬ ಅಪಾಯಕ್ಕೆ ನಾವು ಹಣ ಕಟ್ಟಿಸಿಕೊಳ್ಳುತ್ತೇವೆ, ಕೆಲವೊಮ್ಮೆ ಪರಿಹಾರವನ್ನೂ ಕೊಡುತ್ತೇವೆ. ಅಂಥ ಹತ್ತು ಬ್ಯಾಟರ್‌ಗಳು ನೂರು ವರ್ಷ ಆಡಿದರೆ, ಅಂದರೆ ಸಾವಿರ ಋತುಗಳಲ್ಲಿ, ಒಬ್ಬನಾದರೂ ಆ ಗಡಿ ದಾಟುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ತೊಡಕು ಬೇರೆ ಕಡೆ ಇದೆ: 0.357 ಹೊಡೆಯುವವರು ಈಗ ಹತ್ತು ಮಂದಿ ಇಲ್ಲ. 2023ರಲ್ಲಿ ಲೂಯಿಸ್ ಅರಾಯಿಸ್ 0.354 ಮುಟ್ಟಿದಾಗ ಅದೇ ದೊಡ್ಡ ಸುದ್ದಿಯಾಗಿತ್ತು. 0.330 ಸರಾಸರಿಯವನಿಗೆ ಅದೇ ಲೆಕ್ಕ ಹಾಕಿದರೆ ಸಾಧ್ಯತೆ ಸುಮಾರು 17,000ದಲ್ಲಿ ಒಂದಕ್ಕೆ ಕುಸಿಯುತ್ತದೆ. ಸರಾಸರಿಯಲ್ಲಿ ಬರೀ 0.027 ಇಳಿದರೆ ಸಾಧ್ಯತೆ ಏಳನೇ ಒಂದು ಭಾಗವಾಗುತ್ತದೆ ಎಂಬುದನ್ನು ಅವಳು ನಂಬಲಿಲ್ಲ. ನನ್ನ ಕಣ್ಣೆದುರೇ ಎರಡು ಬಾರಿ ಮತ್ತೆ ಗುಣಿಸಿ ನೋಡಿದಳು.

ಈ ಲೆಕ್ಕಕ್ಕೆ ಒಂದು ದೌರ್ಬಲ್ಯವಿತ್ತು. ಪ್ರತಿ ಪಂದ್ಯವೂ ಹಿಂದಿನದಕ್ಕೆ ಸಂಬಂಧವಿಲ್ಲದ ನಾಣ್ಯದ ಚಿಮ್ಮು ಎಂದು ನಾವು ಊಹಿಸಿಕೊಂಡಿದ್ದೆವು, ಪ್ರತಿದಿನವೂ ನಾಲ್ಕು ಅವಕಾಶ ಸಿಗುತ್ತದೆ ಎಂದೂ ಊಹಿಸಿದ್ದೆವು. ನಿಜವಾದ ಆಟದಲ್ಲಿ ಕೆಲವು ದಿನ ಮೂರೇ ಸಿಗುತ್ತವೆ. ಸರಣಿ ಕಡಿದ 1941ರ ಜುಲೈ 17ರ ರಾತ್ರಿಯನ್ನೇ ನೋಡಬಹುದು. ಕ್ಲೀವ್‌ಲ್ಯಾಂಡ್‌ನಲ್ಲಿ 67,000ಕ್ಕೂ ಮಿಕ್ಕಿ ಜನ ಸೇರಿದ್ದರು. ಡಿಮ್ಯಾಜಿಯೊ ಎರಡು ಬಾರಿ ಚೆಂಡನ್ನು ಮೂರನೆಯ ಬೇಸ್‌ನ ಗೆರೆಗುಂಟ ಬಿರುಸಾಗಿ ಹೊಡೆದ. ಎರಡು ಬಾರಿಯೂ ಕೆನ್ ಕೆಲ್ಟ್‌ನರ್ ಎಂಬ ಫೀಲ್ಡರ್ ಬ್ಯಾಕ್‌ಹ್ಯಾಂಡ್‌ನಲ್ಲಿ ತಡೆದು ಉದ್ದಕ್ಕೆ ಎಸೆದು ಔಟ್ ಮಾಡಿದ. ಅವು ಒಂದು ಅಡಿ ಆಚೆ ಹೋಗಿದ್ದರೆ 57 ಆಗುತ್ತಿತ್ತು. ಮರುದಿನದಿಂದ ಡಿಮ್ಯಾಜಿಯೊ ಇನ್ನೊಂದು 16 ಪಂದ್ಯಗಳ ಸರಣಿ ಆರಂಭಿಸಿದ. ಈ ದಾಖಲೆಯನ್ನು ಕಾಯುತ್ತಿರುವುದು ಅದೃಷ್ಟ. ಬಾಗಿಲು ಮುಚ್ಚಿಲ್ಲ, ಹಾದಿ ಉದ್ದವಾಗಿದೆ ಅಷ್ಟೆ. ಪೀಟ್ ರೋಸ್ 1978ರಲ್ಲಿ ಆ ಹಾದಿಯಲ್ಲಿ 44ರವರೆಗೆ ನಡೆದುಹೋಗಿದ್ದ.

ತಿರುವು

ನಿಜವಾದ ತಿರುವು ಬಂದದ್ದು ಸುಮಾಳ ತಾತನಿಂದ. ಆರು ತಿಂಗಳ ಮಟ್ಟಿಗೆ ಮೈಸೂರು ಸೀಮೆಯಿಂದ ಮಗನ ಮನೆಗೆ ಬಂದಿದ್ದ ಅವರಿಗೆ ಬೇಸ್‌ಬಾಲ್‌ನ ಗಂಧಗಾಳಿ ಇರಲಿಲ್ಲ. ಕ್ರಿಕೆಟ್ ಮಾತ್ರ ಅರೆದು ಕುಡಿದಿದ್ದರು. ಒಂದು ಸಂಜೆ ನಾನು ಅವರ ಮನೆಗೆ ಹೋಗಿದ್ದಾಗ ಊಟದ ಮೇಜಿನ ಮೇಲೆ ಮೊಮ್ಮಗಳ ಹಾಳೆಗಳು ಹರಡಿದ್ದವು. ಕಾಫಿ ಲೋಟವನ್ನು ಬ್ರಾಡ್ಮನ್ನನ 99.94ರ ಪಕ್ಕಕ್ಕೆ ಸರಿಸಿ (ಆ ಅಂಕಿಯನ್ನು ಹಾಳೆಯಂಚಿನಲ್ಲಿ ಬರೆದದ್ದು ಅವರೇ) ಕನ್ನಡಕ ಏರಿಸಿಕೊಂಡು ಕೇಳಿದರು:

"ನಮ್ಮ ಕುಂಬ್ಳೆ 1999ರಲ್ಲಿ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದನಲ್ಲ, ಅದನ್ನ ಯಾರು ಮುರೀತಾರೆ ಪುಟ್ಟಿ? ಹತ್ತರ ಮೇಲೆ ಹನ್ನೊಂದನೇ ವಿಕೆಟ್ ಎಲ್ಲಿಂದ ತರ್ತಾರೆ?"

ತಮಾಷೆಗೆ ಆಡಿದಂತಿದ್ದ ಮಾತು ಒಂದು ಮುಖ್ಯ ಭೇದವನ್ನು ಎತ್ತಿ ತೋರಿಸಿತು. ಇಂಗ್ಲೆಂಡಿನ ಬೌಲರ್ ಜಿಮ್ ಲೇಕರ್ 1956ರಲ್ಲಿ ಮಾಡಿದ್ದನ್ನು ಕುಂಬ್ಳೆ ಸರಿಗಟ್ಟಿದರು. ದಾಟಲು ಅಲ್ಲಿ ಜಾಗವೇ ಇಲ್ಲ. ಸುಮಾಳ ಪಟ್ಟಿಯಲ್ಲೂ ಅದಕ್ಕೆ ಹತ್ತಿರದ ದಾಖಲೆಯೊಂದಿತ್ತು. ಸಿನ್ಸಿನಾಟಿಯ ಜಾನಿ ವ್ಯಾಂಡರ್ ಮೀರ್ 1938ರ ಜೂನ್ 11 ಮತ್ತು 15ರಂದು, ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ, ಎದುರಾಳಿಗೆ ಒಂದೇ ಒಂದು ಹಿಟ್ ಬಿಟ್ಟುಕೊಡದೆ ಮುಗಿಸಿದ. ಅದನ್ನು ಸರಿಗಟ್ಟಲು ಎರಡು ಬೇಕು, ಮುರಿಯಲು ಸತತ ಮೂರು ಬೇಕು. ಎರಡಕ್ಕೂ ಮೂರಕ್ಕೂ ನಡುವೆ ಮೆಟ್ಟಿಲಿಲ್ಲ. ಫರ್ನಾಂಡೊ ಟಾಟಿಸ್ 1999ರ ಏಪ್ರಿಲ್ 23ರಂದು ಒಂದೇ ಇನಿಂಗ್ಸ್‌ನಲ್ಲಿ, ಒಬ್ಬನೇ ಪಿಚರ್ ಚಾನ್ ಹೋ ಪಾರ್ಕ್‌ನ ವಿರುದ್ಧ, ಎರಡು ಗ್ರ್ಯಾಂಡ್ ಸ್ಲಾಮ್ (ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗಿನ ಹೋಂ ರನ್) ಹೊಡೆದದ್ದೂ ಇದೇ ಜಾತಿಯದು.

ತಾತನ ಎರಡನೆಯ ಪ್ರಶ್ನೆ ಇನ್ನೂ ಆಳಕ್ಕೆ ಹೋಯಿತು. "ಈ ಸೈ ಯಂಗ್ ಅನ್ನೋನು 511 ಗೆದ್ದನಲ್ಲ, ಅವನ ಕಾಲದಲ್ಲಿ ಬೌಲರ್‌ಗೆ ಎಷ್ಟು ದಿನಕ್ಕೊಂದು ಪಂದ್ಯ? ಕೊನೇವರೆಗೂ ಅವನೇ ಹಾಕ್ತಿದ್ನಾ?"

ಹೌದು, ಅವನೇ ಎಸೆಯುತ್ತಿದ್ದ. 1890ರಿಂದ 1911ರವರೆಗೆ ಆಡಿದ ಯಂಗ್ ಆರಂಭಿಸಿದ್ದು 815 ಪಂದ್ಯ. ಅವುಗಳಲ್ಲಿ 749ನ್ನು ಕೊನೆಯ ಔಟ್‌ನವರೆಗೂ ತಾನೇ ಎಸೆದು ಮುಗಿಸಿದ. ಅವನಿಗೂ ಹಿಂದೆ, 1884ರಲ್ಲಿ, ಚಾರ್ಲ್ಸ್ ರ‍್ಯಾಡ್‌ಬರ್ನ್ ಒಂದೇ ಋತುವಿನಲ್ಲಿ 73 ಪೂರ್ಣ ಪಂದ್ಯ ಎಸೆದಿದ್ದ. ಪಿಚರ್‌ಗೂ ಬ್ಯಾಟರ್‌ಗೂ ಇಂದಿನ 60 ಅಡಿ 6 ಅಂಗುಲದ ಅಂತರ 1893ರವರೆಗೆ ಬಂದೇ ಇರಲಿಲ್ಲ. ಈಗ ಒಬ್ಬ ಪಿಚರ್ ವರ್ಷಕ್ಕೆ 32 ಅಥವಾ 33 ಪಂದ್ಯ ಆರಂಭಿಸಿದರೆ ಹೆಚ್ಚು. ಗೆಲುವು ಅವನ ಹೆಸರಿಗೆ ಬರಬೇಕಾದರೆ ಒಂಬತ್ತು ಇನಿಂಗ್ಸ್‌ನ ಪಂದ್ಯದಲ್ಲಿ ಕನಿಷ್ಠ ಐದು ಇನಿಂಗ್ಸ್ ಎಸೆದಿರಬೇಕು, ಅವನು ಮೈದಾನ ಬಿಟ್ಟಾಗ ತಂಡ ಮುಂದಿರಬೇಕು, ಅವನ ಬಳಿಕ ಬುಲ್‌ಪೆನ್‌ನಿಂದ (ಬದಲಿ ಪಿಚರ್‌ಗಳು ಕಾಯುವ ಜಾಗದಿಂದ) ಬರುವ ನಾಲ್ಕೈದು ಮಂದಿ ಆ ಮುನ್ನಡೆಯನ್ನು ಕಳೆಯದೆ ಉಳಿಸಬೇಕು. ಬ್ಯಾಟರ್ ಒಂದು ಪಂದ್ಯದಲ್ಲಿ ಅದೇ ಪಿಚರನ್ನು ಮೂರನೆಯ ಬಾರಿ ಎದುರಿಸಿದಾಗ ಚೆನ್ನಾಗಿ ಹೊಡೆಯುತ್ತಾನೆ ಎಂಬುದು ತಂಡಗಳಿಗೆ ಅಂಕಿಗಳಿಂದ ಮನದಟ್ಟಾಗಿದೆ. ಜೊತೆಗೆ ಕೋಟಿಗಟ್ಟಲೆ ಡಾಲರಿನ ತೋಳನ್ನು ಜೋಪಾನ ಮಾಡಬೇಕು. 2022ರಲ್ಲಿ ಸ್ಯಾಂಡಿ ಆಲ್ಕಾಂಟರಾ ಆರು ಪೂರ್ಣ ಪಂದ್ಯ ಎಸೆದು ಎಲ್ಲರಿಗಿಂತ ಮುಂದಿದ್ದ. ಆ ವೇಗದಲ್ಲಿ 749 ಮುಟ್ಟಲು ಸುಮಾ ಹಾಕಿದ ಲೆಕ್ಕ: 125 ವರ್ಷ. ಇಂದಿನ ಯಾವನೋ ಪಿಚರ್ ಯಂಗ್‌ಗಿಂತ ಬಲಶಾಲಿಯಾಗಿದ್ದರೂ ಇದರಲ್ಲಿ ಅವನ ಕೈ ನಡೆಯುವುದಿಲ್ಲ. ಯಂಗ್ ಮಾಡುತ್ತಿದ್ದ ಉದ್ಯೋಗವೇ ಈಗ ಇಲ್ಲ.

ಆ ಸಂಜೆಯ ನಂತರ ಸುಮಾ ಅಂತರದ ಕಾಲಂ ಅಳಿಸಿ ಹೊಸದೊಂದನ್ನು ಹಾಕಿದಳು: "ಇದನ್ನು ಮುರಿಯಲು ಯಾರು ಒಪ್ಪಬೇಕು?" ನನಗೆ ತೋರುವಂತೆ ಇಡೀ ಯೋಜನೆಯ ಅತ್ಯುತ್ತಮ ನಿರ್ಧಾರ ಇದೇ, ಮತ್ತು ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಯಂಗ್‌ನ ದಾಖಲೆ ಮುರಿಯಲು ತಂಡದ ಮ್ಯಾನೇಜರ್ ಒಪ್ಪಬೇಕು. ರಿಪ್ಕೆನ್‌ನದಕ್ಕೆ ಹದಿನಾರು ಋತು ಒಂದೂ ಪಂದ್ಯ ಬಿಡದೆ ಆಡಿದರೂ ಸಿಗುವುದು 2,592 ಮಾತ್ರ. ಅಂದರೆ ಹದಿನೇಳನೆಯ ವರ್ಷಕ್ಕೂ ಆಟಗಾರನ ದೇಹ ಒಪ್ಪಬೇಕು, ವಿಶ್ರಾಂತಿ ಕೊಟ್ಟೇ ತೀರುವ ಇಂದಿನ ವ್ಯವಸ್ಥೆಯೂ ಒಪ್ಪಬೇಕು. ಬ್ಯಾರಿ ಬಾಂಡ್ಸ್‌ಗೆ 2004ರಲ್ಲಿ ಎದುರಾಳಿಗಳು 120 ಬಾರಿ, ಹೊಡೆಯಲು ಚೆಂಡನ್ನೇ ಕೊಡದೆ, ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಟ್ಟರು. ಬಾಂಡ್ಸ್‌ಗೆ ಮೊದಲು ಯಾರಿಗೂ ಒಂದು ಋತುವಿನಲ್ಲಿ 45ಕ್ಕಿಂತ ಹೆಚ್ಚು ಸಿಕ್ಕಿರಲಿಲ್ಲ. ಈ ದಾಖಲೆಗೆ ಎದುರಾಳಿಯ ಹೆದರಿಕೆಯೇ ಒಪ್ಪಿಗೆಪತ್ರ, ಎಷ್ಟೇ ಬೆವರು ಸುರಿಸಿದರೂ ಅದನ್ನು ತಾನೇ ಬರೆದುಕೊಳ್ಳಲು ಬರುವುದಿಲ್ಲ.

ಹೆಂಡರ್ಸನ್‌ನ 1,406ರ ವಿಷಯದಲ್ಲಿ ಒಪ್ಪಬೇಕಾದವರು ನಿಯಮ ಬರೆಯುವವರು, ಮತ್ತು ಅವರು ಆಗಲೇ ಅರ್ಧ ಒಪ್ಪಿಬಿಟ್ಟಿದ್ದರು. 2023ರಲ್ಲಿ ಬೇಸ್‌ನ ಅಗಲವನ್ನು 15ರಿಂದ 18 ಅಂಗುಲಕ್ಕೆ ಏರಿಸಿ, ಓಟಗಾರನನ್ನು ತಡೆಯಲು ಪಿಚರ್ ಮತ್ತೆ ಮತ್ತೆ ಬೇಸ್‌ಗೆ ಎಸೆಯುವುದಕ್ಕೆ ಮಿತಿ ಹಾಕಿದರು. 2022ರಲ್ಲಿ 2,486 ಇದ್ದ ಒಟ್ಟು ಕಳವು ಒಂದೇ ವರ್ಷದಲ್ಲಿ 3,503ಕ್ಕೆ ಜಿಗಿಯಿತು; ರೊನಾಲ್ಡ್ ಅಕುನ್ಯ ಒಬ್ಬನೇ 73 ಕದ್ದ. ಆದರೂ ವರ್ಷಕ್ಕೆ 70ರಂತೆ 20 ವರ್ಷ ಕದ್ದರೆ 1,400. ಆಮೇಲೂ ಆರು ಬಾಕಿ. ಆದ್ದರಿಂದ ಸುಮಾ ಅದನ್ನು "ಅಸಾಧ್ಯ"ದಿಂದ ತೆಗೆದು "ಬಾಗಿಲು ಸ್ವಲ್ಪ ತೆರೆದಿದೆ" ಎಂಬ ಗುಂಪಿಗೆ ಹಾಕಿದಳು.

ಮೇ 29

ಭಿತ್ತಿಪತ್ರ ಮೇ ತಿಂಗಳ ಕೊನೆಯ ವಾರದಲ್ಲಿ ಅಚ್ಚಾಗಿ ಬಂತು. ಅದರ ಬಲಗಡೆ, ದಪ್ಪ ಅಕ್ಷರದಲ್ಲಿ, ಟೈ ಕಾಬ್‌ನ 0.367 ಇತ್ತು. ಅದಕ್ಕೆ ನಾವು ಕೊಟ್ಟಿದ್ದ ಕಾರಣ ಗಟ್ಟಿಯಾಗಿಯೇ ಇತ್ತು: ಇಂದು 0.330 ಹೊಡೆದರೆ ಲೀಗ್‌ಗೇ ಮೊದಲಿಗನಾಗಬಹುದು, ಇನ್ನು ಎರಡು ದಶಕ 0.367 ಕಾಯ್ದುಕೊಳ್ಳುವವನು ಎಲ್ಲಿಂದ ಬರಬೇಕು?

ಮೇ 29ರಂದು ಆ ದಾಖಲೆ ಬಿತ್ತು. ಯಾರೂ ಬ್ಯಾಟ್ ಬೀಸಿರಲಿಲ್ಲ. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಕಾಲದಲ್ಲಿ ಅವರು ಆಡುತ್ತಿದ್ದ ನೀಗ್ರೋ ಲೀಗ್‌ಗಳ 1920ರಿಂದ 1948ರವರೆಗಿನ ಅಂಕಿಅಂಶಗಳನ್ನು, ಇಲ್ಲಿನ ಅತ್ಯುನ್ನತ ಮಟ್ಟದ ಬೇಸ್‌ಬಾಲ್ ನಡೆಸುವ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ಅಧಿಕೃತ ದಾಖಲೆಗಳಲ್ಲಿ ಸೇರಿಸಿಕೊಂಡಿತು. ಆ ಲೀಗ್‌ಗಳಿಗೆ ಮೇಜರ್ ಲೀಗ್‌ನ ಸ್ಥಾನಮಾನ 2020ರ ಡಿಸೆಂಬರ್‌ನಲ್ಲೇ ಘೋಷಣೆಯಾಗಿತ್ತು. ಜೀವಮಾನದ ಸರಾಸರಿಯ ಮೊದಲ ಸ್ಥಾನಕ್ಕೆ 0.372ರೊಂದಿಗೆ ಜಾಶ್ ಗಿಬ್ಸನ್ ಬಂದ. ಅವನು 1943ರಲ್ಲಿ ಹೊಡೆದ 0.466, ಒಂದು ಋತುವಿನ ಅತ್ಯುನ್ನತ ಸರಾಸರಿಯೂ ಆಯಿತು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ. ಜ್ಯಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದಲ್ಲಿ ಆಡಿ ವರ್ಣಭೇದದ ಗೋಡೆ ಒಡೆದದ್ದು ಅದೇ ವರ್ಷದ ಏಪ್ರಿಲ್ 15ರಂದು. ಮೂರು ತಿಂಗಳ ಅಂತರ.

ಸುಮಾ ಅಂದು ರಾತ್ರಿಯೇ ಫೋನ್ ಮಾಡಿದಳು. ನಾನು ಕೊಟ್ಟ ಸಲಹೆ ಇದು: ಕಾಬ್‌ನ ಸಾಲನ್ನು ಹಾಗೇ ಬಿಡು, ಕೆಳಗೆ "ಮೇ 28ರವರೆಗಿನ ಅಂಕಿಗಳು" ಎಂದು ಸಣ್ಣಗೆ ಬರೆ, ಗಿಬ್ಸನ್‌ನ ಅವಕಾಶಗಳು ತೀರ ಕಡಿಮೆ, ಆ ಲೀಗ್‌ಗಳ ಋತುವೇ ಅರವತ್ತು ಪಂದ್ಯಗಳ ಆಸುಪಾಸಿನದು, ಹೋಲಿಕೆ ಸರಿಹೋಗುವುದಿಲ್ಲ. ವಿಮೆಯವನ ಬುದ್ಧಿಗೆ ಇದು ಎಚ್ಚರಿಕೆಯ ಮಾತಾಗಿ ಕಂಡಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಂಕಲ್, ಕಾಬ್‌ಗೆ ಒಳಗೆ ಬರೋಕೆ ಯಾರೂ ಒಪ್ಪಬೇಕಾಗಿರಲಿಲ್ಲ. ಗಿಬ್ಸನ್‌ಗೆ ಬೇಕಿತ್ತು, ಯಾರೂ ಒಪ್ಪಲಿಲ್ಲ. ನನ್ನ ಕಾಲಂಗೆ ಇದೇ ಮೊದಲು ಬರಬೇಕಿತ್ತಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಕಡಿಮೆ ಅವಕಾಶಗಳನ್ನು ನಾನು ಅಂಕಿಯ ಕೊರತೆ ಎಂದು ಕಂಡಿದ್ದೆ. ಆ ಕೊರತೆಯೇ ಒಂದು ಸಾಕ್ಷ್ಯ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಫಲಿತಾಂಶ

ಅಧ್ಯಾಪಕಿ ತಿದ್ದುಪಡಿಗೆ ಅವಕಾಶ ಕೊಟ್ಟರು. ಮೊದಲಿನ ಶೀರ್ಷಿಕೆಯ ಜಾಗದಲ್ಲಿ "ಯಾವ ದಾಖಲೆಯನ್ನು ಯಾರು ಕಾಯುತ್ತಿದ್ದಾರೆ?" ಎಂಬುದು ಬಂತು. ಹತ್ತು ದಾಖಲೆಗಳಲ್ಲಿ "ಎಂದಿಗೂ ಇಲ್ಲ" ಎಂದು ಉಳಿದವು ಯಂಗ್‌ನ ಎರಡು ಮಾತ್ರ, 511 ಮತ್ತು 749. ಪ್ರದರ್ಶನದ ದಿನ ಹೆಚ್ಚು ಪ್ರಶ್ನೆ ಬಂದದ್ದು ಬಾಂಡ್ಸ್‌ನ 120ರ ಮೇಲಂತೆ. ಅಂಕಗಳು ಚೆನ್ನಾಗಿಯೇ ಬಂದವು. ಡಿಮ್ಯಾಜಿಯೊನ ಲೆಕ್ಕದಲ್ಲಿ ಪಂದ್ಯಗಳೆಲ್ಲ ಪರಸ್ಪರ ಸಂಬಂಧವಿಲ್ಲದವು ಎಂದು ಊಹಿಸಿದ್ದಕ್ಕೆ ಒಂದಿಷ್ಟು ಕಡಿತವಾಯಿತು, ಅದು ನ್ಯಾಯವೇ.

ಕಲಿತದ್ದು

ಇಂಥ ಯೋಜನೆಗೆ ಮಕ್ಕಳನ್ನು ತಯಾರು ಮಾಡುವವರಿಗೆ ಈ ಪ್ರಕರಣದಿಂದ ನಾನು ಮುಂದಿಡಬಹುದಾದದ್ದು ಹೆಚ್ಚೇನಿಲ್ಲ. ಭವಿಷ್ಯದ ಬಗೆಗಿನ ಹೇಳಿಕೆಯನ್ನು ಆದಷ್ಟು ಬೇಗ ಒಂದು ಹಳೆಯ ವರ್ಷಕ್ಕೆ ಕೊಂಡೊಯ್ದು ಪರೀಕ್ಷಿಸಿದ್ದು ನಮಗೆ ಒಂದು ತಿಂಗಳ ದಾರಿತಪ್ಪುವಿಕೆಯನ್ನು ಉಳಿಸಿತು. ಅಪರೂಪವಾದದ್ದನ್ನೂ ದಾರಿಯೇ ಇಲ್ಲದ್ದನ್ನೂ ಬೇರೆ ಬೇರೆ ಗುಂಪಿಗೆ ಹಾಕಿದ ಮೇಲೆ ವಾದ ತಾನಾಗಿ ತಿಳಿಯಾಯಿತು: ಡಿಮ್ಯಾಜಿಯೊನ 56 ಮೊದಲನೆಯದು, ಯಂಗ್‌ನ 511 ಎರಡನೆಯದು, ಸಾಮಾನ್ಯ ಚರ್ಚೆಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಟದ ಒಳಗುಟ್ಟು ತಿಳಿಯದ ಒಬ್ಬ ಹಿರಿಯರನ್ನು ಮೇಜಿನ ಬಳಿ ಕೂರಿಸಿಕೊಂಡದ್ದು ಆಕಸ್ಮಿಕ, ಆದರೆ ಮುಂದಿನ ಬಾರಿ ನಾನು ಅದನ್ನು ಬೇಕೆಂದೇ ಮಾಡುತ್ತೇನೆ. ಇನ್ನು, ದಾಖಲೆಯ ಪುಸ್ತಕವನ್ನು ಕಲ್ಲಿನ ಶಾಸನವೆಂದು ನಂಬಿದ್ದು ನನ್ನ ತಪ್ಪು. ಹ್ಯಾಕ್ ವಿಲ್ಸನ್ 1930ರಲ್ಲಿ ತಂಡಕ್ಕೆ ಗಳಿಸಿಕೊಟ್ಟ ರನ್‌ಗಳ ದಾಖಲೆ 190 ಎಂದೇ ಅಚ್ಚಾಗುತ್ತ ಬಂದು, 1999ರಲ್ಲಿ 191 ಎಂದು ತಿದ್ದುಪಡಿಯಾಗಿತ್ತು. ಕಾಬ್‌ನ 4,191 ಹಿಟ್‌ಗಳಲ್ಲಿ ಎರಡು, 1910ರ ಒಂದು ಪಂದ್ಯವನ್ನು ಎರಡು ಸಲ ಎಣಿಸಿದ್ದರಿಂದ ಬಂದವು ಎಂಬ ವಿವಾದ 1981ರಿಂದಲೇ ಇದೆ. ಇವೆರಡೂ ನನಗೆ ಗೊತ್ತಿದ್ದವು. ಗೊತ್ತಿದ್ದೂ ಕಾಬ್‌ನ ಸರಾಸರಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲು ಹೂಂ ಅಂದಿದ್ದೆ.

ಆ ಭಿತ್ತಿಪತ್ರ ಈಗ ಸುಮಾಳ ಮನೆಯ ನೆಲಮಾಳಿಗೆಯಲ್ಲಿದೆ. ಮತ್ತೊಮ್ಮೆ ಅಚ್ಚು ಹಾಕಿಸಲು ಸಮಯವಿಲ್ಲದ್ದರಿಂದ ಕಾಬ್‌ನ ಸಾಲಿನ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಳು. ದೀಪದ ಬೆಳಕು ಓರೆಯಾಗಿ ಬಿದ್ದರೆ ಅಡಿಯಲ್ಲಿರುವ 0.367 ಈಗಲೂ ಮಸುಕಾಗಿ ಕಾಣುತ್ತದೆ. ಪಟ್ಟಿಯ ಮೇಲೆ ಗಿಬ್ಸನ್‌ನ ಹೆಸರು ಶಾಯಿಯಲ್ಲಿದೆ. ಹಳೆಯ ಪತ್ರಿಕೆಗಳಿಂದ ಆ ಲೀಗ್‌ಗಳ ಇನ್ನಷ್ಟು ಪಂದ್ಯಗಳ ವಿವರ ಹುಡುಕುವ ಕೆಲಸ ಮುಂದುವರಿದಿರುವುದರಿಂದ, ಅವನ 0.372ನ್ನು ಮಾತ್ರ ಅವಳು ಪೆನ್ಸಿಲಿನಲ್ಲಿ ಬರೆದಿದ್ದಾಳೆ.